ಜಾಸ್ತಿ ಕೋರ್ ಇದ್ದರೂ ಮಷೀನು ಯಾಕೆ ತೆವಳುತ್ತೆ? ಪ್ರೊಸೆಸರ್ ಅಳೆದು, ಆಮೇಲೆ ಕರ್ನಲ್ ಮುಟ್ಟುವ ಬಗೆ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ವರ್ಕ್‌ಸ್ಟೇಷನ್ ಕೇಳಿಕೊಂಡು ಹೋದರೆ ಅಂಗಡಿಯವರು ಎರಡು ಪ್ರೊಸೆಸರ್ ಇರುವ ದೊಡ್ಡ ಡಬ್ಬ ಒಂದನ್ನು ತೋರಿಸಿ "ಸಾರ್, ಐವತ್ತಾರು ಕೋರ್ ಸಾರ್, ತಗೊಂಡು ಹೋಗಿ" ಅನ್ನುತ್ತಾರೆ. ಬೆಲೆ ಕೇಳಿದರೆ ಹೊಸ ಲ್ಯಾಪ್‌ಟಾಪಿಗಿಂತ ಕಮ್ಮಿ. ಮನೆಗೆ ತಂದು ಉಬುಂಟು ಲಿನಕ್ಸ್ ಹಾಕಿ ಕೆಲಸ ಶುರು ಮಾಡಿದ ಮೇಲೆ ಬರುವ ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: ಇಷ್ಟು ಕೋರ್ ಇದ್ದರೂ ಕೆಲಸ ಯಾಕೆ ಬೇಗ ಮುಗಿಯುತ್ತಿಲ್ಲ? ಆಮೇಲೆ ಯಾರೋ ಹೇಳುತ್ತಾರೆ, ಕರ್ನಲ್ (ಹಾರ್ಡ್‌ವೇರಿಗೂ ಪ್ರೋಗ್ರಾಮುಗಳಿಗೂ ನಡುವೆ ಕೂತು ಎಲ್ಲ ನಡೆಸುವ ಲಿನಕ್ಸ್‌ನ ತಿರುಳು) ಬದಲಾಯಿಸು ಅಂತ. ಬದಲಾಯಿಸಿದ ಮೇಲೆ ಮಷೀನು ಬೂಟೇ ಆಗುವುದಿಲ್ಲ.

ಈ ಬರಹ ಅಂಥವರಿಗೆ. ನಾನು ಹೇಳುವ ಕ್ರಮ ಸರಳ. ಮೊದಲು ಎಣಿಸಿ, ಆಮೇಲೆ ಅಳೆಯಿರಿ, ಕರ್ನಲ್ ಮುಟ್ಟುವುದು ಕೊನೆಗೆ. ಬಹಳ ಸಲ ಅಳೆಯುವ ಹೊತ್ತಿಗೇ ಗೊತ್ತಾಗಿಬಿಡುತ್ತೆ, ತಪ್ಪು ಕರ್ನಲ್‌ದಲ್ಲ ಅಂತ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗಂತ ಹೇಳಿದ್ದೇನೆ. ಉದಾಹರಣೆಗಳು ಉಬುಂಟು ಮತ್ತು ಡೆಬಿಯನ್‌ಗೆ ಹೊಂದುವಂಥವು, ಫೆಡೋರಾದಲ್ಲಿ ಬೇರೆ ಇದ್ದರೆ ಅಲ್ಲಲ್ಲೇ ತಿಳಿಸುತ್ತೇನೆ.

ಮೊದಲು ಎಣಿಸಿ

‘ಎಲ್‌ಎಸ್‌ಸಿಪಿಯು’ ಎಂದು ಟೈಪ್ ಮಾಡಿ. ಉದ್ದದ ಪಟ್ಟಿ ಬರುತ್ತೆ, ಅದರಲ್ಲಿ ನಿಮಗೆ ಬೇಕಾದದ್ದು ನಾಲ್ಕು ಸಾಲು: ಒಟ್ಟು ಸಿಪಿಯು, ಒಂದು ಕೋರಿಗೆ ಎಷ್ಟು ಥ್ರೆಡ್, ಒಂದು ಸಾಕೆಟ್ಟಿಗೆ ಎಷ್ಟು ಕೋರ್, ಎಷ್ಟು ಸಾಕೆಟ್. ಸಾಕೆಟ್ ಅಂದರೆ ಚಿಪ್ ಕೂರುವ ಜಾಗ, ಕೋರ್ ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದು ಘಟಕ, ಥ್ರೆಡ್ ಅಂದರೆ ಆ ಕೋರ್ ಒಂದೇ ಹೊತ್ತಿಗೆ ನಡೆಸುವ ಒಂದು ಕೆಲಸದ ಸಾಲು. ಒಂದು ಕೋರಿನಲ್ಲಿ ಎರಡು ಥ್ರೆಡ್ ನಡೆಸುವುದಕ್ಕೆ ಇಂಟೆಲ್ ಇಟ್ಟ ಹೆಸರು ಹೈಪರ್‌ಥ್ರೆಡಿಂಗ್. ಅಂಗಡಿಯವರು ಹೇಳಿದ ಆ ಐವತ್ತಾರು ಎಲ್ಲಿಂದ ಬಂತು ಅಂತ ಇಲ್ಲಿ ಗೊತ್ತಾಗುತ್ತೆ. ಇಂಟೆಲ್ ಜಿಯಾನ್ ಇ5-2680 ವಿ4 ತಗೊಳ್ಳಿ, 2016ರ ಚಿಪ್. ಅದರಲ್ಲಿ 14 ಕೋರ್, ಹೈಪರ್‌ಥ್ರೆಡಿಂಗ್ ಸೇರಿ 28 ಥ್ರೆಡ್. ಎರಡು ಚಿಪ್ ಇದ್ದರೆ 28 ಕೋರ್, 56 ಥ್ರೆಡ್. ಲಿನಕ್ಸ್ ಪ್ರತಿ ಥ್ರೆಡ್ಡನ್ನೂ ಒಂದು ಸಿಪಿಯು ಅಂತ ಎಣಿಸುತ್ತೆ, ಅಂಗಡಿಯವರೂ ಹಾಗೇ ಎಣಿಸುತ್ತಾರೆ. ಆದರೆ ಒಂದೇ ಕೋರನ್ನು ಹಂಚಿಕೊಂಡ ಎರಡು ಥ್ರೆಡ್ ಎರಡು ಕೋರಿನಷ್ಟು ಕೆಲಸ ಮಾಡುವುದಿಲ್ಲ. ಲೆಕ್ಕದ ಕೆಲಸಕ್ಕೆ 28 ಎಂದೇ ಇಟ್ಟುಕೊಳ್ಳಿ, ಮಿಕ್ಕಿದ್ದು ಬಂದರೆ ಲಾಭ.

‘ಎನ್‌ಪ್ರಾಕ್’ ಎಂಬ ಇನ್ನೊಂದು ಕಮಾಂಡ್ ಇದೆ. ಅದು ಒಂದೇ ಸಂಖ್ಯೆ ಕೊಡುತ್ತೆ. ಅದು ಮಷೀನಿನಲ್ಲಿ ಇರುವಷ್ಟಲ್ಲ, ಈ ಕ್ಷಣ ನಿಮ್ಮ ಪ್ರೋಗ್ರಾಮಿಗೆ ಸಿಗುವಷ್ಟು. ‘ಎನ್‌ಪ್ರಾಕ್ --ಆಲ್’ ಕೊಟ್ಟರೆ ಇರುವುದೆಲ್ಲ ಬರುತ್ತೆ. ಎರಡೂ ಬೇರೆ ಬೇರೆ ಬಂದರೆ ಯಾರೋ ಎಲ್ಲೋ ಮಿತಿ ಹಾಕಿದ್ದಾರೆ ಅಂತ ಅರ್ಥ.

ಇನ್ನು ಕರ್ನಲ್ ಎಲ್ಲ ಸಿಪಿಯುಗಳನ್ನೂ ಎಬ್ಬಿಸಿದೆಯಾ? ‘ಸುಡೊ ಡಿಮೆಸೇಜ್’ ಓಡಿಸಿ (ಟೈಪ್ ಮಾಡುವಾಗ ಡಿ-ಎಂ-ಇ-ಎಸ್-ಜಿ), ಅದರ ಫಲಿತಾಂಶವನ್ನು ‘ಗ್ರೆಪ್’ಗೆ ಕಳಿಸಿ ‘ಎಸ್‌ಎಂಪಿ’ (ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಒಟ್ಟಿಗೆ ನಡೆಸುವ ವ್ಯವಸ್ಥೆ) ಎಂದು ಹುಡುಕಿ, ದೊಡ್ಡಕ್ಷರ ಸಣ್ಣಕ್ಷರ ನೋಡಬೇಡ ಎನ್ನಲು ‘-ಐ’ ಹಾಕಿ. ಎಷ್ಟು ನೋಡ್ (ಒಂದು ಚಿಪ್ ಮತ್ತು ಅದರ ಪಾಲಿನ ಮೆಮೊರಿ), ಎಷ್ಟು ಸಿಪಿಯು ಎದ್ದವು ಎಂಬ ಸಾಲು ಸಿಗುತ್ತೆ. ಕಮ್ಮಿ ತೋರಿಸಿದರೆ ಬಯಾಸ್‌ಗೆ (ಮಷೀನು ಆನ್ ಆಗುವಾಗ ಸಿಗುವ ಮೂಲ ಸೆಟ್ಟಿಂಗ್ ಪರದೆ) ಹೋಗಿ ಹೈಪರ್‌ಥ್ರೆಡಿಂಗ್ ಆಫ್ ಆಗಿದೆಯಾ ನೋಡಿ. ಆಮೇಲೆ ಬೂಟ್ ಸಾಲಿನಲ್ಲಿ ‘ನೊಎಸ್‌ಎಂಪಿ’ ಅಥವಾ ‘ಮ್ಯಾಕ್ಸ್‌ಸಿಪಿಯುಸ್’ ಎಂಬ ಪದ ಉಳಿದುಕೊಂಡಿದೆಯಾ ನೋಡಿ. ಹಳೇ ಮಾಲೀಕರು ಏನೋ ಪರೀಕ್ಷೆಗೆ ಹಾಕಿ ಮರೆತಿರುತ್ತಾರೆ. ‘/ಪ್ರಾಕ್/ಸಿಎಂಡಿಲೈನ್’ ಫೈಲ್ ‘ಕ್ಯಾಟ್’ ಮಾಡಿದರೆ ಆ ಸಾಲು ಪೂರ್ತಿ ಕಾಣುತ್ತೆ.

ಹಳೇ ಕಾಲದ ಸಲಹೆ ಓದಿ ಕೆಲವರು "ಎಸ್‌ಎಂಪಿ ಕರ್ನಲ್ ಬೇರೆ ಹಾಕಬೇಕು" ಅನ್ನುತ್ತಾರೆ. ಅದು ಒಂದು ಕಾಲಕ್ಕೆ ನಿಜವಾಗಿತ್ತು. ಲಿನಕ್ಸ್‌ಗೆ ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ನಡೆಸುವ ಶಕ್ತಿ ಬಂದದ್ದು 1996ರ 2.0 ಆವೃತ್ತಿಯಲ್ಲಿ. ಆಗ ಕರ್ನಲ್ ಒಳಗೆ ಹೋಗಲು ಒಂದೇ ಒಂದು ದೊಡ್ಡ ಬೀಗ, ಒಂದು ಪ್ರೊಸೆಸರ್ ಒಳಗಿದ್ದರೆ ಮಿಕ್ಕವು ಹೊರಗೆ ಕಾಯಬೇಕು. ಆ ಬೀಗವನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಂದು ಪೂರ್ತಿ ತೆಗೆದದ್ದು 2011ರಲ್ಲಿ, 2.6.39 ಬಂದಾಗ. ಆ ನಡುವಿನ ವರ್ಷಗಳಲ್ಲಿ ಒಂದು ಪ್ರೊಸೆಸರ್‌ಗೆ ಒಂದು ಕರ್ನಲ್, ಜಾಸ್ತಿ ಪ್ರೊಸೆಸರ್‌ಗೆ ಇನ್ನೊಂದು ಪ್ಯಾಕೇಜ್ ಅಂತ ಬೇರೆ ಬೇರೆ ಬರುತ್ತಿದ್ದವು. ಈಗ ಆ ತಲೆನೋವಿಲ್ಲ. ‘ಯುನೇಮ್ -ವಿ’ ಕೊಟ್ಟು ನೋಡಿ, ಎಸ್‌ಎಂಪಿ ಎಂಬ ಪದ ಅದರಲ್ಲೇ ಇರುತ್ತೆ.

ಮೊತ್ತ ನೋಡಬೇಡಿ, ಒಂದೊಂದು ಕೋರ್ ನೋಡಿ

‘ಟಾಪ್’ ಎಲ್ಲರಿಗೂ ಗೊತ್ತು. ಆದರೆ ಅದನ್ನು ತೆರೆದು ಮೇಲಿನ ಒಂದು ಸಾಲು ನೋಡಿ "ಸಿಪಿಯು ಖಾಲಿನೇ ಇದೆಯಲ್ಲ" ಎಂದು ಮುಚ್ಚುವವರೇ ಜಾಸ್ತಿ. ಐವತ್ತಾರು ಥ್ರೆಡ್ಡಿನ ಮಷೀನಿನಲ್ಲಿ ಒಂದು ಪ್ರೋಗ್ರಾಂ ಒಂದು ಥ್ರೆಡ್ಡನ್ನು ಪೂರ್ತಿ ತಿಂದು ಅಲ್ಲೇ ಸಿಕ್ಕಿಕೊಂಡಿದ್ದರೂ ಮೊತ್ತದ ಸಾಲಿನಲ್ಲಿ ಅದು ಕಾಣುವುದು 1.8% ಅಷ್ಟೇ. ಎಂಟು ಥ್ರೆಡ್ಡಿನ ಲ್ಯಾಪ್‌ಟಾಪಿನಲ್ಲಿ ಅದೇ 12.5%. ಅಂದರೆ ಮಷೀನು ದೊಡ್ಡದಾದಷ್ಟೂ ಈ ಮೊತ್ತ ನಿಮಗೆ ಸುಳ್ಳು ಧೈರ್ಯ ಕೊಡುತ್ತೆ.

ಆದ್ದರಿಂದ ಟಾಪ್ ತೆರೆದ ತಕ್ಷಣ 1 ಒತ್ತಿ. ಪ್ರತಿ ಸಿಪಿಯುಗೂ ಒಂದೊಂದು ಸಾಲು ಬರುತ್ತೆ. ಐವತ್ತಾರು ಸಾಲು ಪರದೆಯಲ್ಲಿ ಹಿಡಿಸದಿದ್ದರೆ ‘ಎಚ್‌ಟಾಪ್’ ಹಾಕಿಕೊಳ್ಳಿ, ಅದು ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ಬಣ್ಣದಲ್ಲಿ ತೋರಿಸುತ್ತೆ. ನನಗೆ ಬಣ್ಣ ಇಷ್ಟ, ಆದರೆ ಬಣ್ಣ ನೋಡಿ ತೀರ್ಮಾನ ಮಾಡುವುದು ಇಷ್ಟವಿಲ್ಲ. ಸಂಖ್ಯೆ ನೋಡಬೇಕು.

ಟಾಪ್‌ನ ಆ ಸಾಲಿನಲ್ಲಿ ಎರಡೆರಡು ಅಕ್ಷರದ ಎಂಟು ಹೆಸರುಗಳಿರುತ್ತವೆ. ‘ಯುಎಸ್’ ಅಂದರೆ ನಿಮ್ಮ ಪ್ರೋಗ್ರಾಮುಗಳು ತಿಂದ ಸಮಯ. ‘ಎಸ್‌ವೈ’ ಅಂದರೆ ಕರ್ನಲ್ ತಿಂದದ್ದು. ಕರ್ನಲ್ ಬದಲಿಸಬೇಕಾ ಬೇಡವಾ ಎಂಬ ಪ್ರಶ್ನೆಗೆ ಈ ಎರಡೇ ಮುಖ್ಯ. ಯುಎಸ್ 95 ಇದ್ದು ಎಸ್‌ವೈ 2 ಇದ್ದರೆ ಯಾವ ಕರ್ನಲ್ ತಂದರೂ ದೊಡ್ಡ ಲಾಭ ಇಲ್ಲ, ಕೆಲಸ ಆಗುತ್ತಿರುವುದೆಲ್ಲ ನಿಮ್ಮ ಪ್ರೋಗ್ರಾಮಿನಲ್ಲಿ. ಎಸ್‌ವೈ 30, 40 ಎಂದು ಏರಿ ಅಲ್ಲೇ ಕೂತಿದ್ದರೆ ಆಗ ಕರ್ನಲ್, ಡ್ರೈವರ್, ಬೀಗಗಳು, ತೀರಾ ಜಾಸ್ತಿ ಥ್ರೆಡ್ ಇವುಗಳ ಕಡೆ ತಿರುಗಬೇಕು. ‘ಎನ್‌ಐ’ ಕಮ್ಮಿ ಆದ್ಯತೆಯ ಕೆಲಸಗಳದ್ದು, ‘ಐಡಿ’ ಸುಮ್ನೆ ಕೂತ ಸಮಯ. ‘ಡಬ್ಲ್ಯೂಎ’ ಅಂದರೆ ಡಿಸ್ಕಿಗಾಗಿ ಕಾಯುತ್ತಾ ಸಿಪಿಯು ಖಾಲಿ ಕೂತದ್ದು. ಇದು ಜಾಸ್ತಿ ಇದ್ದರೆ ಪ್ರೊಸೆಸರ್ ಬಗ್ಗೆ ಯೋಚನೆ ಬಿಟ್ಟು ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ‘ಎಚ್‌ಐ’, ‘ಎಸ್‌ಐ’ ಇಂಟರಪ್ಟ್‌ಗಳದ್ದು, ಅಂದರೆ ನೆಟ್‌ವರ್ಕ್ ಕಾರ್ಡಿನಂಥವು "ಇಲ್ಲಿ ನೋಡು" ಎಂದು ಸಿಪಿಯುವನ್ನು ಕರೆಯುವ ಕೂಗುಗಳದ್ದು. ನೆಟ್‌ವರ್ಕ್ ಜೋರಾಗಿರುವ ಸರ್ವರ್‌ನಲ್ಲಿ ಎಸ್‌ಐ ಒಂದೇ ಕೋರಿನಲ್ಲಿ ಏರಿರುತ್ತೆ, ಮಿಕ್ಕವು ಆರಾಮಾಗಿರುತ್ತವೆ. ಆಗ ‘/ಪ್ರಾಕ್/ಇಂಟರಪ್ಟ್ಸ್’ ಫೈಲ್ ನೋಡಿದರೆ ಯಾವ ಕಾರ್ಡ್ ಯಾವ ಸಿಪಿಯುಗೆ ಅಂಟಿಕೊಂಡಿದೆ ಗೊತ್ತಾಗುತ್ತೆ. ಕೊನೆಯದು ‘ಎಸ್‌ಟಿ’, ಅದನ್ನು ಕ್ಲೌಡ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಇನ್ನೊಂದು ಗೊಂದಲ ಬಗೆಹರಿಸಿಬಿಡೋಣ. ಕೆಳಗಿನ ಪಟ್ಟಿಯಲ್ಲಿ ಒಂದು ಪ್ರೋಗ್ರಾಂ 780% ಎಂದು ತೋರಿಸಿದರೆ ಗಾಬರಿ ಬೇಡ. ಅಲ್ಲಿ ಒಂದು ಥ್ರೆಡ್ ಪೂರ್ತಿ ಅಂದರೆ 100. 780 ಅಂದರೆ ಹತ್ತಿರ ಹತ್ತಿರ ಎಂಟು ಥ್ರೆಡ್ ತುಂಬಾ ಕೆಲಸ. ದೊಡ್ಡ ಐ ಒತ್ತಿದರೆ ಅದನ್ನು ಒಟ್ಟು ಸಿಪಿಯುಗಳಿಂದ ಭಾಗಿಸಿ ತೋರಿಸುತ್ತೆ. ನಾನು ಭಾಗಿಸದೇ ನೋಡುತ್ತೇನೆ. ಸರಿಯಾಗಿ 100ರಲ್ಲಿ ನಿಂತುಬಿಟ್ಟಿರುವ ಪ್ರೋಗ್ರಾಂ ಒಂದು ಥ್ರೆಡ್ಡಿನಾಚೆ ಹೋಗಲಾರದ್ದು ಅಂತ ಒಂದು ನೋಟಕ್ಕೇ ತಿಳಿಯುತ್ತೆ.

ಲೋಡ್ ಆವರೇಜ್ ಬಗ್ಗೆ ಎರಡು ಮಾತು. ಮೂರು ಸಂಖ್ಯೆಗಳು ಕಳೆದ 1, 5, 15 ನಿಮಿಷದವು. 56 ಥ್ರೆಡ್ಡಿನ ಮಷೀನಿನಲ್ಲಿ 20 ಬಂದರೆ ಏನೂ ಆಗಿಲ್ಲ, ನಾಲ್ಕು ಥ್ರೆಡ್ಡಿನ ಮಷೀನಿನಲ್ಲಿ 20 ಅಂದರೆ ಕ್ಯೂ ಉದ್ದವಿದೆ. ಜೊತೆಗೆ ಲಿನಕ್ಸ್ ಇದರಲ್ಲಿ ಓಡಲು ಸಿದ್ಧವಿರುವ ಕೆಲಸಗಳನ್ನು ಮಾತ್ರವಲ್ಲ, ಡಿಸ್ಕ್ ಅಥವಾ ನೆಟ್‌ವರ್ಕ್ ಡ್ರೈವಿಗಾಗಿ ಅಲ್ಲಾಡದೆ ಕಾಯುತ್ತಿರುವವನ್ನೂ ಸೇರಿಸುತ್ತೆ. ಹಾಗಾಗಿ ಲೋಡ್ 40 ಇದ್ದು ಸಿಪಿಯು ಪೂರ್ತಿ ಖಾಲಿ ಇರಬಹುದು. ಬರೀ ಓಡುವ ಕ್ಯೂ ಬೇಕಾದರೆ ‘ವಿಎಂಸ್ಟಾಟ್ 1’ ಕೊಟ್ಟು ಮೊದಲ ಕಾಲಂ ‘ಆರ್’ ನೋಡಿ. ಅದರ ಮೊದಲ ಸಾಲು ಮಷೀನು ಆನ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ.

ಬರೆದಿಟ್ಟುಕೊಳ್ಳುವ ಅಳತೆ

ಟಾಪ್ ನೋಡುವುದಕ್ಕೆ ಸರಿ, ಹೋಲಿಸುವುದಕ್ಕೆ ಸಾಲದು. ‘ಸಿಸ್‌ಸ್ಟಾಟ್’ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ. ಅದರಲ್ಲಿ ಮೂರು ಕಮಾಂಡ್ ನಿಮಗೆ ಬೇಕು.

‘ಎಂಪಿಸ್ಟಾಟ್ -ಪಿ ಆಲ್ 2’. ಇಲ್ಲಿ ಪಿ ಮತ್ತು ಆಲ್ ಎರಡೂ ದೊಡ್ಡಕ್ಷರ. ಎರಡು ಸೆಕೆಂಡಿಗೊಮ್ಮೆ ಪ್ರತಿ ಸಿಪಿಯುವಿನ ಲೆಕ್ಕ ಸಾಲಾಗಿ ಕೊಡುತ್ತೆ, ಫೈಲಿಗೆ ಕಳಿಸಿ ಇಟ್ಟುಕೊಳ್ಳಬಹುದು. ‘ಪಿಡ್‌ಸ್ಟಾಟ್ 2’ ಯಾವ ಪ್ರೋಗ್ರಾಂ ಎಷ್ಟು ತಿಂತು ಎಂದು ಹೇಳುತ್ತೆ, ‘-ಟಿ’ ಸೇರಿಸಿದರೆ ಒಳಗಿನ ಥ್ರೆಡ್‌ಗಳನ್ನೂ ಬಿಡಿಸುತ್ತೆ. ಮೂರನೆಯದು ‘ಸಾರ್’, ನನ್ನ ಮಟ್ಟಿಗೆ ಇದೇ ಬಂಗಾರ. ಹಿನ್ನೆಲೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಬರೆದಿಡುತ್ತೆ, ರಾತ್ರಿ ಎರಡು ಗಂಟೆಗೆ ಮಷೀನು ಏನು ಮಾಡುತ್ತಿತ್ತು ಅಂತ ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡಬಹುದು. ಅದಕ್ಕೆ ಮೊದಲು ‘/ಇಟಿಸಿ/ಡಿಫಾಲ್ಟ್/ಸಿಸ್‌ಸ್ಟಾಟ್’ ಫೈಲಿನಲ್ಲಿ ‘ಎನೇಬಲ್ಡ್’ ಎದುರು ‘ಫಾಲ್ಸ್’ ಇದ್ದರೆ ‘ಟ್ರೂ’ ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಇದನ್ನು ಮರೆತು "ಸಾರ್‌ನಲ್ಲಿ ಏನೂ ಬರುತ್ತಿಲ್ಲ" ಅನ್ನುವವರು ಬಹಳ.

ಮಷೀನು ತಂದ ಮೊದಲ ವಾರವೇ ಇದನ್ನು ಆನ್ ಮಾಡಿಬಿಡಿ. ಆಮೇಲೆ ಕರ್ನಲ್ ಬದಲಾಯಿಸಿದಾಗ ಹೋಲಿಸಲು ಹಿಂದಿನ ಲೆಕ್ಕ ಕೈಯಲ್ಲಿರುತ್ತೆ. ಇಲ್ಲದಿದ್ದರೆ "ಸ್ವಲ್ಪ ಫಾಸ್ಟ್ ಆದ ಹಾಗಿದೆ" ಎಂಬ ಅನಿಸಿಕೆಯೇ ಉಳಿಯುವುದು.

ಕೋರ್‌ಗಳಿಗೆ ಕೆಲಸ ಹಂಚುವುದು

ದರ್ಶಿನಿಯಲ್ಲಿ ಒಳಗೆ ದೋಸೆ ಹುಯ್ಯುವವರು ಎಂಟು ಜನ ಇದ್ದರೂ ಹೊರಗೆ ಟೋಕನ್ ಕೊಡುವವರು ಒಬ್ಬರೇ ಆದರೆ ಕ್ಯೂ ಕರಗುವುದಿಲ್ಲ. ಪ್ರೋಗ್ರಾಮಿನಲ್ಲೂ ಒಂದಾದ ಮೇಲೆ ಒಂದರಂತೆ ಆಗಲೇಬೇಕಾದ ಭಾಗ ಎಷ್ಟಿದೆಯೋ ಅದೇ ವೇಗದ ಮಿತಿ. ಜೀನ್ ಆಮ್ಡಾಲ್ 1967ರಲ್ಲೇ ಇದರ ಲೆಕ್ಕ ಕೊಟ್ಟರು. ಕೆಲಸದ ಹತ್ತರಲ್ಲಿ ಒಂದು ಪಾಲು ಹೀಗೆ ಸಾಲಾಗಿ ನಡೆಯಬೇಕಾದ್ದು ಅಂದರೆ ಎಷ್ಟು ಸಾವಿರ ಕೋರ್ ಸುರಿದರೂ ಹತ್ತು ಪಟ್ಟಿಗಿಂತ ಜಾಸ್ತಿ ವೇಗ ಬರಲ್ಲ.

ನಮ್ಮವರಿಗೆ ಉಪಯೋಗ ಆಗುವ ಉದಾಹರಣೆ ಕೊಡುತ್ತೇನೆ. ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಟೆಸೆರಾಕ್ಟ್ ಓಸಿಆರ್‌ನಿಂದ ಅಕ್ಷರ ತೆಗೆಯುವವರು ಬೆಂಗಳೂರಿನಲ್ಲಿ ಇದ್ದಾರೆ, ಅಲ್ವಾ. ಟೆಸೆರಾಕ್ಟ್ 4ರಿಂದ ಈಚೆಗೆ ಒಂದು ಪುಟಕ್ಕೆ ನಾಲ್ಕು ಥ್ರೆಡ್ ಬಳಸುತ್ತೆ. ಕೇಳಲು ಚೆನ್ನ. ಆದರೆ ಆ ನಾಲ್ಕು ಥ್ರೆಡ್ ಒಂದಕ್ಕೊಂದು ಕಾಯುವುದರಲ್ಲೇ ಬಹಳ ಸಮಯ ಹೋಗುತ್ತೆ, ನಾಲ್ಕು ಪಟ್ಟು ವೇಗವಂತೂ ಬರಲ್ಲ. ಮುನ್ನೂರು ಪುಟ ಇದ್ದಾಗ ಮಾಡಬೇಕಾದ್ದು ಉಲ್ಟಾ: ‘ಓಎಂಪಿ_ಥ್ರೆಡ್_ಲಿಮಿಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ಪೂರ್ತಿ ದೊಡ್ಡಕ್ಷರ) 1 ಎಂದು ಇಟ್ಟು, ಒಂದು ಪುಟಕ್ಕೆ ಒಂದೇ ಥ್ರೆಡ್ ಮಾಡಿ, ‘ಎಕ್ಸ್‌ಆರ್ಗ್ಸ್ -ಪಿ 28’ (ದೊಡ್ಡ ಪಿ) ಮೂಲಕ 28 ಪುಟಗಳನ್ನು ಒಟ್ಟಿಗೇ ಓಡಿಸುವುದು. ಮೊದಲಿನ ರೀತಿ, ಈ ರೀತಿ ಎರಡನ್ನೂ ‘ಟೈಮ್’ ಕಮಾಂಡ್ ಮುಂದಿಟ್ಟು ಓಡಿಸಿ ನೋಡಿ. ‘ಎಂಪಿಸ್ಟಾಟ್’ ಇನ್ನೊಂದು ಕಿಟಕಿಯಲ್ಲಿ ತೆರೆದಿರಲಿ. ಕರ್ನಲ್ ಅದೇ, ಚಿಪ್ ಅದೇ, ಆದರೂ ಎಷ್ಟು ವ್ಯತ್ಯಾಸ ಅಂತ ನಿಮ್ಮ ಕಣ್ಣಿಗೇ ಕಾಣುತ್ತೆ.

ಎರಡು ಸಾಕೆಟ್ ಇರುವ ಮಷೀನಿನಲ್ಲಿ ಇನ್ನೊಂದು ವಿಷಯ ಇದೆ. ಪ್ರತಿ ಚಿಪ್ಪಿಗೂ ತನ್ನದೇ ರ‍್ಯಾಮ್ ಸ್ಲಾಟ್‌ಗಳು. ಪಕ್ಕದ ಚಿಪ್ಪಿನ ರ‍್ಯಾಮ್ ಓದಲು ಜಾಸ್ತಿ ಹೊತ್ತು ಬೇಕು. ‘ನ್ಯೂಮಾಸಿಟಿಎಲ್ --ಹಾರ್ಡ್‌ವೇರ್’ ಕೊಟ್ಟರೆ ಯಾವ ಚಿಪ್ಪಿಗೆ ಎಷ್ಟು ಮೆಮೊರಿ ಇದೆ, ದೂರ ಎಷ್ಟು ಎಂಬ ಕೋಷ್ಟಕ ಬರುತ್ತೆ. ತನ್ನದೇ ಮೆಮೊರಿಗೆ 10, ಪಕ್ಕದ್ದಕ್ಕೆ ಸಾಮಾನ್ಯವಾಗಿ 20ರ ಆಸುಪಾಸು. ಸೆಕೆಂಡ್‌ಹ್ಯಾಂಡ್ ಮಷೀನಿನಲ್ಲಿ ಇಲ್ಲಿ ಒಂದು ತಮಾಷೆ ಕಾಣಬಹುದು: ಒಂದು ನೋಡ್‌ನ ಮೆಮೊರಿ ಸೊನ್ನೆ! ಎಲ್ಲ ರ‍್ಯಾಮ್ ಒಂದೇ ಚಿಪ್ಪಿನ ಪಕ್ಕ ಚುಚ್ಚಿರುತ್ತಾರೆ. ಸ್ಕ್ರೂ ಬಿಚ್ಚಿ ಅರ್ಧರ್ಧ ಹಂಚಿ, ಅದಕ್ಕೆ ದುಡ್ಡೇನೂ ಖರ್ಚಿಲ್ಲ.

ಒಂದು ದೊಡ್ಡ ಕೆಲಸವನ್ನು ಒಂದೇ ಚಿಪ್ಪಿಗೆ ಕಟ್ಟಿಹಾಕಲು ‘ನ್ಯೂಮಾಸಿಟಿಎಲ್’ಗೆ ‘--ಸಿಪಿಯುನೋಡ್‌ಬೈಂಡ್=0 --ಮೆಮ್‌ಬೈಂಡ್=0’ ಕೊಟ್ಟು ಆಮೇಲೆ ನಿಮ್ಮ ಕಮಾಂಡ್. ಬರೀ ಸಿಪಿಯು ಆರಿಸಲು ‘ಟಾಸ್ಕ್‌ಸೆಟ್ -ಸಿ 0-7’ ಸಾಕು. ಆದರೆ ಯಾವ ಸಂಖ್ಯೆ ಯಾವ ಚಿಪ್ಪಿನದು ಎಂದು ಊಹೆ ಮಾಡಬೇಡಿ. ಕೆಲವು ಮಷೀನಿನಲ್ಲಿ ಮೊದಲ ಚಿಪ್ 0ರಿಂದ 13, ಕೆಲವದರಲ್ಲಿ ಸಮ ಸಂಖ್ಯೆ ಒಂದಕ್ಕೆ, ಬೆಸ ಇನ್ನೊಂದಕ್ಕೆ. ‘ಎಲ್‌ಎಸ್‌ಸಿಪಿಯು -ಇ’ ಕೋಷ್ಟಕ ನೋಡಿ. ಅದರಲ್ಲೇ ಯಾವ ಎರಡು ಥ್ರೆಡ್ ಒಂದೇ ಕೋರಿನಲ್ಲಿವೆ ಅಂತಲೂ ಇದೆ. ಎಲ್ಲ ಕೆಲಸಕ್ಕೂ ಹೀಗೆ ಕಟ್ಟಿಹಾಕುವ ಚಟ ಬೇಡ, ಕರ್ನಲ್ ಒಳಗೆ ಕೆಲಸ ಹಂಚುವ ಶೆಡ್ಯೂಲರ್‌ಗೆ ಬಿಟ್ಟರೆ ಅದು ಬಹುಪಾಲು ಚೆನ್ನಾಗೇ ಹಂಚುತ್ತೆ.

ಬೇಸಿಗೆ ಬಂತು ಅಂದರೆ ಬಿಸಿಯನ್ನೂ ನೋಡಿ. ಏಪ್ರಿಲ್ ಮಧ್ಯಾಹ್ನ, ಮೇಲಿನ ಮಹಡಿ, ಶೀಟಿನ ರೂಮು, ಅದರಲ್ಲಿ 120 ವ್ಯಾಟ್‌ನ ಎರಡು ಚಿಪ್. ಬಿಸಿ ಮಿತಿ ದಾಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಟಾಪ್‌ನಲ್ಲಿ ಮಾತ್ರ 100% ಅಂತಲೇ ತೋರಿಸುತ್ತೆ, ಯಾಕಂದರೆ ಅದು ಅಳೆಯುವುದು ಸಮಯವನ್ನ, ವೇಗವನ್ನಲ್ಲ. ‘ಎಲ್‌ಎಂ-ಸೆನ್ಸರ್ಸ್’ ಹಾಕಿ ‘ಸೆನ್ಸರ್ಸ್’ ಓಡಿಸಿ, ಡಿಮೆಸೇಜ್‌ನಲ್ಲಿ ‘ಥ್ರಾಟಲ್ಡ್’ ಎಂಬ ಪದ ಹುಡುಕಿ. ಸಿಕ್ಕಿದರೆ ಮೊದಲು ಧೂಳು ಊದಿ, ಹೀಟ್‌ಸಿಂಕಿನ ಪೇಸ್ಟ್ ಹೊಸದಾಗಿ ಹಚ್ಚಿ. ಪ್ರೊಸೆಸರ್ ವೇಗ ಏರಿಸಿ ಇಳಿಸುವ ನಿಯಮ, ಅಂದರೆ ಗವರ್ನರ್, ‘ಪವರ್‌ಸೇವ್’ ಅಂತ ಇರುವುದನ್ನು ಕಂಡು ಕೆಲವರು ಹೆದರುತ್ತಾರೆ. ಹೊಸ ಇಂಟೆಲ್ ಚಿಪ್‌ಗಳಲ್ಲಿ ‘ಇಂಟೆಲ್ ಪಿ-ಸ್ಟೇಟ್’ ಡ್ರೈವರ್ ಇದ್ದಾಗ ಆ ಹೆಸರಿನಲ್ಲೂ ವೇಗ ಕೆಲಸಕ್ಕೆ ತಕ್ಕಂತೆ ಏರುತ್ತೆ, ತಳದಲ್ಲೇ ಕೂರುವುದಿಲ್ಲ.

ಈಗ ಕರ್ನಲ್

ಇಷ್ಟೆಲ್ಲ ನೋಡಿದ ಮೇಲೂ ಕರ್ನಲ್ ಬದಲಿಸುವ ಕಾರಣ ಇದ್ದರೆ ಬದಲಿಸೋಣ. ಒಳ್ಳೆ ಕಾರಣಗಳು ಇವೆ. ಭದ್ರತೆಯ ತಿದ್ದುಪಡಿ ಮೊದಲನೆಯದು. ಹೊಸ ಚಿಪ್ ಎರಡನೆಯದು: ದೊಡ್ಡ ಕೋರ್ ಸಣ್ಣ ಕೋರ್ ಬೆರೆತ ಇಂಟೆಲ್ ಚಿಪ್‌ಗಳು 2021ರಿಂದ ಜಾಸ್ತಿ ಬರುತ್ತಿವೆ, ಅವಕ್ಕೆ ಹಳೇ ಕರ್ನಲ್‌ನ ಶೆಡ್ಯೂಲರ್ ಸರಿಯಾಗಿ ಕೆಲಸ ಹಂಚುವುದಿಲ್ಲ. ಶೆಡ್ಯೂಲರೇ ಬದಲಾಗಿರುವುದೂ ಒಂದು ಕಾರಣ. 2007ರ 2.6.23ರಲ್ಲಿ ಬಂದ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಹದಿನಾರು ವರ್ಷ ನಡೆಯಿತು, 2023ರಲ್ಲಿ 6.6 ಬಂದಾಗ ಅದರ ಜಾಗಕ್ಕೆ ಇಇವಿಡಿಎಫ್ ಬಂತು. "ಹೊಸದು ಬಂದಿದೆ" ಎಂಬುದು ಮಾತ್ರ ಕಾರಣವಲ್ಲ.

‘ಯುನೇಮ್ -ಆರ್’ ಈಗ ಓಡುತ್ತಿರುವ ಕರ್ನಲ್ ಹೇಳುತ್ತೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ, ನಿಜವಾದ ಕಾಗದದ ಚೀಟಿ. ಮಷೀನು ಏಳದಿದ್ದಾಗ ಅದರೊಳಗಿನ ನೋಟ್ಸ್ ಫೈಲ್ ಓದಲು ಆಗಲ್ಲ. ಇನ್‌ಸ್ಟಾಲ್ ಆಗಿರುವುದೆಲ್ಲ ನೋಡಲು ‘ಡಿಪಿಕೆಜಿ --ಲಿಸ್ಟ್’ ಫಲಿತಾಂಶದಲ್ಲಿ ‘ಲಿನಕ್ಸ್-ಇಮೇಜ್’ ಹುಡುಕಿ. ಸಾಲಿನ ಮುಂದೆ ‘ಐಐ’ ಇದ್ದರೆ ಇದೆ, ‘ಆರ್‌ಸಿ’ ಇದ್ದರೆ ಕರ್ನಲ್ ಹೋಗಿ ಬರೀ ಸೆಟ್ಟಿಂಗ್ ಉಳಿದಿದೆ. ಫೆಡೋರಾದಲ್ಲಿ ‘ಗ್ರಬ್ಬಿ --ಇನ್ಫೋ=ಆಲ್’, ಆಲ್ ದೊಡ್ಡಕ್ಷರ.

ಆಮೇಲೆ ‘ಡಿಎಫ್ -ಎಚ್ /ಬೂಟ್’ ಕೊಟ್ಟು ಜಾಗ ನೋಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಇನ್‌ಸ್ಟಾಲ್ ಮಾಡಿದ್ದರೆ ಬೂಟ್ ಬೇರೆಯೇ ಸಣ್ಣ ಭಾಗ, ಅದು ತುಂಬಿದರೆ ಹೊಸ ಕರ್ನಲ್ ಅರ್ಧಂಬರ್ಧ ಬಂದು ನಿಲ್ಲುತ್ತೆ. ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಹಳೆಯವನ್ನು ತೆಗೆಯುತ್ತೆ, ಓಡುತ್ತಿರುವುದನ್ನು ಮುಟ್ಟುವುದಿಲ್ಲ. ಬೂಟ್ ಒಳಗೆ ಹೋಗಿ ಫೈಲ್‌ಗಳನ್ನು ಕೈಯಿಂದ ಅಳಿಸಬೇಡಿ. ಪ್ಯಾಕೇಜ್ ಮ್ಯಾನೇಜರ್‌ಗೆ ಅವು ಇನ್ನೂ ಇವೆ ಅಂತಲೇ ಲೆಕ್ಕ, ಮುಂದಿನ ಅಪ್‌ಡೇಟಿನಲ್ಲಿ ಜಗಳ ಶುರುವಾಗುತ್ತೆ. ಫೆಡೋರಾ ತಾನಾಗೇ ಮೂರು ಕರ್ನಲ್ ಮಾತ್ರ ಇಟ್ಟುಕೊಳ್ಳುತ್ತೆ, ಅಷ್ಟು ಸಾಕು.

ಹೊಸದು ಎಲ್ಲಿಂದ ತರುವುದು? ಉಬುಂಟುವಿನ ದೀರ್ಘಾವಧಿ ಆವೃತ್ತಿಯಲ್ಲಿ ಎರಡು ದಾರಿ. ಮೊದಲಿನಿಂದ ಬಂದ ಕರ್ನಲ್ ಸಾಲು ಒಂದು (24.04ಕ್ಕೆ ಅದು 6.8), ಹೊಸ ಹಾರ್ಡ್‌ವೇರಿಗೆಂದು ಆಗಾಗ ಮೇಲೇರುವ ಎಚ್‌ಡಬ್ಲ್ಯೂಇ ಸಾಲು ಇನ್ನೊಂದು. ಹಳೇ ಜಿಯಾನ್‌ಗೆ ಮೊದಲನೆಯದು ಸಾಕು. ಹೊಸ ಲ್ಯಾಪ್‌ಟಾಪಿಗೆ ಎರಡನೆಯದು. ಮೇನ್‌ಲೈನ್ ಕರ್ನಲ್ (ಉಬುಂಟುವಿನ ಬದಲಾವಣೆ ಇಲ್ಲದ ಮೂಲ ಕರ್ನಲ್) ಅಂತ ಡೌನ್‌ಲೋಡ್ ಮಾಡಿ ಹಾಕುವವರಿಗೆ ಎಚ್ಚರ: ಅವಕ್ಕೆ ಸಹಿ ಇರುವುದಿಲ್ಲ, ಸೆಕ್ಯೂರ್ ಬೂಟ್ ಆನ್ ಇದ್ದರೆ ಏಳುವುದೇ ಇಲ್ಲ. ಎನ್‌ವಿಡಿಯಾ ಡ್ರೈವರ್, ವರ್ಚುವಲ್‌ಬಾಕ್ಸ್ ಇದ್ದರೆ ಕರ್ನಲ್ ಜೊತೆಗೆ ಅದೇ ಆವೃತ್ತಿಯ ‘ಹೆಡರ್ಸ್’ ಪ್ಯಾಕೇಜೂ ಬೇಕು, ಇಲ್ಲದಿದ್ದರೆ ಪರದೆ ಕಪ್ಪಗೆ ಬರುತ್ತೆ. ಸ್ವಂತ ಕಂಪೈಲ್ ಮಾಡುವ ಅಗತ್ಯ ಹೆಚ್ಚಿನವರಿಗಿಲ್ಲ, ಕಲಿಯುವ ಆಸೆ ಇದ್ದರೆ ಮಾಡಿ.

ಬೆಂಗಳೂರಿನವರಿಗೆ ಬೇರೆ ಹೇಳಬೇಕಾಗಿಲ್ಲ, ಮಳೆ ಬಂದ ಸಂಜೆ ಕರೆಂಟು ಹೋಗುತ್ತೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆ ಹೊತ್ತಿಗೆ ಕರ್ನಲ್ ಅಪ್‌ಡೇಟ್ ಇಟ್ಟುಕೊಳ್ಳಬೇಡಿ. ಇನಿಟ್‌ರ‍್ಯಾಮ್‌ಎಫ್‌ಎಸ್ (ಕರ್ನಲ್ ಏಳುವಾಗ ಮೊದಲು ಬೇಕಾಗುವ ಫೈಲ್‌ಗಳ ಕಟ್ಟು) ಬರೆಯುವ ನಡುವೆ ಪವರ್ ಹೋದರೆ ಆ ಫೈಲ್ ಅರ್ಧಕ್ಕೇ ನಿಲ್ಲುತ್ತೆ. ಹಾಗಾಗಿದ್ದರೂ ಕೆಟ್ಟಿಲ್ಲ. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು -ಕೆ ಆಲ್’ (ಇಲ್ಲಿ ಆಲ್ ಸಣ್ಣಕ್ಷರ) ಓಡಿಸಿದರೆ ಸರಿಹೋಗುತ್ತೆ.

ಹಳೇ ಕರ್ನಲ್‌ಗೆ ಹೋಗುವುದು ಹೇಗೆ? ಬೂಟ್ ಆಗುವಾಗ ಗ್ರಬ್ (ಕರ್ನಲ್ ಆರಿಸಿ ಎಬ್ಬಿಸುವ ಪ್ರೋಗ್ರಾಂ) ಮೆನು ಬರಿಸಬೇಕು. ಹೊಸ ಯುಇಎಫ್‌ಐ ಮಷೀನಿನಲ್ಲಿ ಎಸ್ಕೇಪ್ ಒಂದು ಸಲ ಒತ್ತಿ, ಹಳೇ ಬಯಾಸ್ ಆದರೆ ಶಿಫ್ಟ್ ಹಿಡಿದಿರಿ. ಎಸ್ಕೇಪ್ ಆತುರದಲ್ಲಿ ಪಟಪಟ ಒತ್ತಿದರೆ ಮೆನು ದಾಟಿ ಗ್ರಬ್‌ನ ಕಮಾಂಡ್ ಸಾಲಿಗೆ ಬೀಳುತ್ತೀರಿ. ಈ ಸರ್ಕಸ್ ಬೇಡ ಅನ್ನುವವರು ‘/ಇಟಿಸಿ/ಡಿಫಾಲ್ಟ್/ಗ್ರಬ್’ ಫೈಲಿನಲ್ಲಿ ಗ್ರಬ್ ಟೈಮ್‌ಔಟ್ ಸ್ಟೈಲ್ ‘ಮೆನು’ ಎಂದೂ ಟೈಮ್‌ಔಟ್ 5 ಎಂದೂ ಇಟ್ಟು ‘ಸುಡೊ ಅಪ್‌ಡೇಟ್-ಗ್ರಬ್’ ಮಾಡಿ. ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಎಲ್ಲ ಕರ್ನಲ್‌ಗಳೂ ಇರುತ್ತವೆ. ಚೀಟಿಯಲ್ಲಿ ಬರೆದದ್ದನ್ನು ಆರಿಸಿ.

ದೂರದ ಸರ್ವರ್ ಆದರೆ ಕೀಬೋರ್ಡ್ ಹತ್ತಿರ ಯಾರೂ ಇಲ್ಲ. ನೀವು ಬಸವನಗುಡಿಯಲ್ಲಿ, ಮಷೀನು ವೈಟ್‌ಫೀಲ್ಡಿನಲ್ಲಿ. ಅದಕ್ಕೊಂದು ಉಪಾಯ ಇದೆ. ಗ್ರಬ್ ಫೈಲಿನಲ್ಲಿ ಡಿಫಾಲ್ಟ್ ಅನ್ನು ‘ಸೇವ್ಡ್’ ಮಾಡಿ, ಕರ್ನಲ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ. ‘ಗ್ರಬ್-ಸೆಟ್-ಡಿಫಾಲ್ಟ್’ನಿಂದ ಹಳೇ, ನಂಬಿಕೆಯ ಕರ್ನಲ್ ಅನ್ನು ಕಾಯಂ ಮಾಡಿ. ಆಮೇಲೆ ‘ಗ್ರಬ್-ರೀಬೂಟ್’ನಿಂದ ಹೊಸದನ್ನು ಒಂದೇ ಒಂದು ಸಲಕ್ಕೆ ಆರಿಸಿ ರೀಬೂಟ್ ಮಾಡಿ. ಹೊಸ ಕರ್ನಲ್ ಪ್ಯಾನಿಕ್ ಆಗಿ (ಮುಂದೆ ಹೋಗಲಾಗದೆ ನಿಂತು) ಬಿದ್ದರೆ ಹತ್ತು ಸೆಕೆಂಡಿಗೆ ಮಷೀನು ತಾನೇ ರೀಬೂಟ್ ಆಗಿ ಹಳೆಯದಕ್ಕೆ ವಾಪಸ್ ಬರುತ್ತೆ. ವೈಟ್‌ಫೀಲ್ಡ್ ಟ್ರಾಫಿಕ್ ಉಳಿಯಿತು. ಒಂದು ಷರತ್ತು: ಬೂಟ್ ಭಾಗ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಪದರ) ಒಳಗಿದ್ದರೆ "ಒಂದು ಸಲ ಆಯಿತು" ಎಂದು ಬರೆದಿಡಲು ಗ್ರಬ್‌ಗೆ ಆಗುವುದಿಲ್ಲ, ಆಗ ಅದು ಮತ್ತೆ ಮತ್ತೆ ಹೊಸದನ್ನೇ ಎಬ್ಬಿಸಲು ನೋಡುತ್ತೆ. ಅಂಥ ಮಷೀನಿಗೆ ಈ ಉಪಾಯ ಬೇಡ.

ಬಿದ್ದದ್ದು ಯಾಕೆ ಅಂತ ನೋಡಲು ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಹಿಂದಿನ ಬೂಟಿನ ಕರ್ನಲ್ ಮಾತುಗಳನ್ನು ಕೊಡುತ್ತೆ. ಡಿಸ್ಕಿಗೆ ಬರೆಯುವ ಮುಂಚೆಯೇ ಬಿದ್ದಿದ್ದರೆ ಅಲ್ಲೇನೂ ಸಿಗಲ್ಲ.

ಕರ್ನಲ್ ಒಂದು ಚೆನ್ನಾಗಿ ಕೂತಿತು, ಸದ್ಯ ಮೇಲೇರುವುದು ಬೇಡ ಅನ್ನಿಸಿದರೆ ‘ಆಪ್ಟ್-ಮಾರ್ಕ್ ಹೋಲ್ಡ್’ ಜೊತೆ ‘ಲಿನಕ್ಸ್-ಜೆನೆರಿಕ್’, ‘ಲಿನಕ್ಸ್-ಇಮೇಜ್-ಜೆನೆರಿಕ್’, ‘ಲಿನಕ್ಸ್-ಹೆಡರ್ಸ್-ಜೆನೆರಿಕ್’ ಹೆಸರು ಕೊಡಿ. ಆದರೆ ಭದ್ರತೆಯ ತಿದ್ದುಪಡಿಗಳೂ ನಿಂತುಹೋಗುತ್ತವೆ. ಇಂಟರ್ನೆಟ್ಟಿಗೆ ತೆರೆದ ಮಷೀನನ್ನು ಹೀಗೆ ತಿಂಗಳುಗಟ್ಟಲೆ ಇಡುವುದು ನನಗೆ ಒಪ್ಪಿಗೆ ಇಲ್ಲ.

ಬದಲಾಯಿಸಿದ ಮೇಲೆ ಹೋಲಿಕೆ. ಹೊಸ ಕರ್ನಲ್ ಎದ್ದ ತಕ್ಷಣ ಎಲ್‌ಎಸ್‌ಸಿಪಿಯು ಮತ್ತೆ ನೋಡಿ, ಸಿಪಿಯು ಸಂಖ್ಯೆ ಮೊದಲಿನಷ್ಟೇ ಇದೆಯಾ ಅಂತ. ಆಮೇಲೆ ಅದೇ ಕೆಲಸ, ಅದೇ ಪುಟಗಳು, ಅದೇ ಥ್ರೆಡ್ ಸಂಖ್ಯೆ ಇಟ್ಟು ಓಡಿಸಿ. ಒಂದು ಸಲದ ಸಂಖ್ಯೆ ನಂಬಬೇಡಿ. ಮೊದಲ ಓಟದಲ್ಲಿ ಫೈಲ್‌ಗಳು ಡಿಸ್ಕಿನಿಂದ ಬರುತ್ತವೆ, ಎರಡನೆಯದರಲ್ಲಿ ರ‍್ಯಾಮಿನಿಂದ. ಆದ್ದರಿಂದ ಮೊದಲನೆಯದನ್ನು ಬಿಟ್ಟು ಮುಂದಿನವನ್ನು ಹೋಲಿಸಿ. ಎಸ್‌ವೈ ಇಳಿಯಿತಾ, ಕೆಲಸಕ್ಕೆ ಹಿಡಿದ ಹೊತ್ತು ಇಳಿಯಿತಾ, ಎರಡೂ ನೋಡಬೇಕು.

ಕ್ಲೌಡ್‌ನಲ್ಲಿ ಬಾಡಿಗೆ ಮಷೀನು ಇಟ್ಟುಕೊಂಡಿದ್ದರೆ

ಇಲ್ಲಿ ಎರಡೇ ವಿಷಯ. ಟಾಪ್‌ನಲ್ಲಿ ಬಿಟ್ಟಿದ್ದ ‘ಎಸ್‌ಟಿ’ ನೆನಪಿದೆಯಲ್ಲ, ಅದು ನಿಮ್ಮ ಮಷೀನು ಓಡಲು ಸಿದ್ಧವಿದ್ದರೂ ಕೆಳಗಿನ ದೊಡ್ಡ ಮಷೀನು ಬೇರೆಯವರಿಗೆ ಸರದಿ ಕೊಟ್ಟ ಸಮಯ. ಅದು ಯಾವಾಗಲೂ ಹತ್ತರ ಮೇಲೆ ಇದ್ದರೆ ನಿಮ್ಮ ಕರ್ನಲ್ ಬದಲಿಸಿ ಏನೂ ಪ್ರಯೋಜನವಿಲ್ಲ, ಬೇರೆ ಮಷೀನು ಕೇಳಿ ಅಥವಾ ದೊಡ್ಡ ಪ್ಲಾನಿಗೆ ಹೋಗಿ. ಎರಡನೆಯದು ಕಂಟೇನರ್, ಅಂದರೆ ಹೊರಗಿನ ಮಷೀನಿನ ಕರ್ನಲ್ಲನ್ನೇ ಹಂಚಿಕೊಂಡು ಪ್ರೋಗ್ರಾಮನ್ನು ಬೇರೆಯಾಗಿ ಓಡಿಸುವ ಡಬ್ಬ. ಡಾಕರ್‌ನಲ್ಲಿ ‘--ಸಿಪಿಯುಸ್=2’ ಎಂದು ಮಿತಿ ಹಾಕಿದ್ದರೂ ಒಳಗೆ ಟಾಪ್ ತೆರೆದರೆ ಹೊರಗಿನ ಅಷ್ಟೂ ಸಿಪಿಯು ಕಾಣುತ್ತವೆ. ಅದನ್ನು ನೋಡಿ ಪ್ರೋಗ್ರಾಂ 56 ಥ್ರೆಡ್ ಹುಟ್ಟಿಸುತ್ತೆ, ಆಮೇಲೆ ಎರಡು ಸಿಪಿಯುವಿನಷ್ಟು ಸಮಯಕ್ಕೆ ಎಲ್ಲ ಕಿತ್ತಾಡುತ್ತವೆ. ಕಂಟೇನರ್ ಒಳಗೆ ‘/ಸಿಸ್/ಎಫ್‌ಎಸ್/ಸಿಗ್ರೂಪ್’ ಡೈರೆಕ್ಟರಿಯ ‘ಸಿಪಿಯು.ಸ್ಟಾಟ್’ ಫೈಲಿನಲ್ಲಿ ‘ಎನ್‌ಆರ್_ಥ್ರಾಟಲ್ಡ್’ ಎದುರಿನ ಸಂಖ್ಯೆ ನಿಮಿಷ ನಿಮಿಷಕ್ಕೂ ಏರುತ್ತಿದ್ದರೆ ಇದೇ ಆಗುತ್ತಿದೆ. ಥ್ರೆಡ್ ಸಂಖ್ಯೆಯನ್ನು ಪ್ರೋಗ್ರಾಮಿನ ಸೆಟ್ಟಿಂಗ್‌ನಲ್ಲೇ ಎರಡಕ್ಕೆ ಇಳಿಸಿ, ಕಂಟೇನರ್ ರೀಸ್ಟಾರ್ಟ್ ಮಾಡಿ, ಆ ಸಂಖ್ಯೆ ನಿಂತಿತಾ ನೋಡಿ.